ಮತ್ತಿಮರದ ಟಸರ್ ಪತಂಗವನ್ನು ಒಂದು ವರ್ಷ ಹಿಂಬಾಲಿಸುವ ಬಗೆ: ಮುಂಬಯಿ–ಠಾಣೆ ಕಾಡಂಚಿನ ಕನ್ನಡಿಗರಿಗಾಗಿ ಒಂದು ಮಾರ್ಗದರ್ಶಿ

ಕಾಡಿನ ಪತಂಗಗಳನ್ನು ನೋಡಬಯಸುವವರು ಸಾಮಾನ್ಯವಾಗಿ ಮಳೆಗಾಲದ ಒಂದು ರಾತ್ರಿ ಬಿಳಿ ಬಟ್ಟೆ ಕಟ್ಟಿ, ಅದರ ಮುಂದೆ ದೀಪ ಹಚ್ಚಿ ಕಾಯುತ್ತಾರೆ. ಟಸರ್ ಪತಂಗದ ಮಟ್ಟಿಗೆ ಈ ದಾರಿಯಿಂದ ಸಿಗುವುದು ತೀರ ಕಡಿಮೆ. ರೆಕ್ಕೆ ಬಂದ ಮೇಲೆ ಅದು ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅದೇ ಜೀವ ಗೂಡಿನೊಳಗೆ ಕೋಶವಾಗಿ, ಉಣ್ಣದೆ, ಅಲುಗದೆ, ನವೆಂಬರಿನಿಂದ ಜೂನ್ ತನಕ ಸುಮಾರು ಏಳು ತಿಂಗಳು ರೆಂಬೆಯಿಂದ ನೇತಾಡುತ್ತಿರುತ್ತದೆ. ಹಾಗಾಗಿ ಈ ಪತಂಗದ ಪರಿಚಯ ಶುರುವಾಗಬೇಕಾದದ್ದು ಎಲೆ ಉದುರುವ ಫೆಬ್ರುವರಿಯಲ್ಲಿ, ಹಗಲು ಹೊತ್ತಿನಲ್ಲಿ, ಒಂದೇ ಒಂದು ಮರದ ಬುಡದಲ್ಲಿ.

ನಾನು ಹುಟ್ಟಿ ಬೆಳೆದದ್ದು ಕನಕಪುರದ ಕಡೆಯ ರೇಷ್ಮೆ ಸಾಕುವ ಮನೆಯಲ್ಲಿ. ಈಗ ಇರುವುದು ಠಾಣೆಯಲ್ಲಿ, ಯೇವೂರು ಗುಡ್ಡ ಕಾಣುವ ಒಂದು ಸೊಸೈಟಿಯಲ್ಲಿ. ಹುಳು ಜ್ವರಕ್ಕೆ ಕೂರುವುದು (ಚರ್ಮ ಬಿಡಲು ಅಲುಗದೆ ನಿಲ್ಲುವುದು), ಹಣ್ಣಾಗುವುದು (ಬೆಳೆದು ಗೂಡು ಕಟ್ಟಲು ಸಿದ್ಧವಾಗುವುದು), ಚಂದ್ರಿಕೆ (ಗೂಡು ಕಟ್ಟಿಸುವ ಬಿದಿರಿನ ತಟ್ಟಿ) ಏರುವುದು, ಇವೆಲ್ಲ ನನಗೆ ಬಾಲ್ಯದಿಂದ ಬಂದ ಮಾತುಗಳು. ಆದರೆ ಹಿಪ್ಪುನೇರಳೆಯ ರೇಷ್ಮೆಹುಳು ಮನುಷ್ಯನ ಕೈಯಲ್ಲಿ ಸಾವಿರಾರು ವರ್ಷ ಬೆಳೆದು ಹಾರುವುದನ್ನೇ ಮರೆತ ಜೀವ. ಅದರ ದೂರದ ನಂಟನಾದ ಟಸರ್ ಇಂದಿಗೂ ಕಾಡಿನದು, ಮರದ ಮೇಲೆ ತಾನಾಗಿಯೇ ಹುಟ್ಟಿ, ಬೆಳೆದು, ಸಾಯುವಂಥದ್ದು. ಮಹಾರಾಷ್ಟ್ರದ ವಿದರ್ಭದಲ್ಲಿ, ಗಡಚಿರೋಲಿ, ಭಂಡಾರಾ, ಚಂದ್ರಪುರದ ಕಾಡುಗಳಲ್ಲಿ ಇದರ ಗೂಡಿನಿಂದಲೇ ಟಸರ್ ರೇಷ್ಮೆ ತೆಗೆಯುತ್ತಾರೆ; ಅಲ್ಲಿ ಕೂಡ ಹುಳುವನ್ನು ಮೇಯಿಸುವುದು ಬಯಲಿನ ಮರಗಳ ಮೇಲೆಯೇ. ಪುಸ್ತಕಗಳಲ್ಲಿ ಇದಕ್ಕೆ ಆಂಥೇರಿಯಾ ಮೈಲಿಟ್ಟಾ ಎಂದೂ ಆಂಥೇರಿಯಾ ಪಾಫಿಯಾ ಎಂದೂ ಎರಡು ಹೆಸರು ಕಾಣುತ್ತವೆ. ಎರಡರಲ್ಲಿ ಯಾವ ಹೆಸರಿನಡಿ ಓದಿದರೂ ಇಲ್ಲಿ ವಿವರಿಸುವ ಜೀವನಕ್ರಮಕ್ಕೆ ಅಡ್ಡಿಯಿಲ್ಲ.

ಮೊದಲ ಹೆಜ್ಜೆ: ಮರವನ್ನು ಗುರುತಿಸುವುದು

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 103 ಚದರ ಕಿಲೋಮೀಟರ್ ಹರಡಿರುವ, ಎಲೆ ಉದುರಿಸುವ ಮರಗಳೇ ಹೆಚ್ಚಾಗಿರುವ ಕಾಡು. ಬೊರಿವಲಿ, ಮುಲುಂದ್, ಠಾಣೆ ಮೂರೂ ಅದರ ಅಂಚಿಗೇ ಇವೆ. ಟಸರ್ ಹುಳು ತಿನ್ನುವ ಮರಗಳಲ್ಲಿ ಇಲ್ಲಿ ಮುಖ್ಯವಾದದ್ದು ನಮ್ಮ ಮತ್ತಿ ಅಥವಾ ಕರಿಮತ್ತಿ. ಮರಾಠಿಯಲ್ಲಿ ಇದನ್ನು ಐನ್ ಎನ್ನುತ್ತಾರೆ. ಕಾಡಿನ ಕಾವಲುಗಾರರನ್ನೋ ಪಾಡೆಯ (ಆದಿವಾಸಿ ಹಾಡಿಯ) ಹಿರಿಯರನ್ನೋ ಕೇಳುವಾಗ ‘ಐನ್’ ಎಂದೇ ಕೇಳಬೇಕು, ‘ಮತ್ತಿ’ ಎಂದರೆ ಯಾರಿಗೂ ತಿಳಿಯದು.

ಮತ್ತಿಯನ್ನು ಎಲೆಯಿಲ್ಲದ ಕಾಲದಲ್ಲಿಯೂ ತಪ್ಪದೆ ಗುರುತಿಸಬಹುದು. ತೊಗಟೆ ಕಪ್ಪು ಬೂದು ಬಣ್ಣದ್ದು, ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರಿದು ಚೌಕ ಚೌಕದ ಹಲ್ಲೆಗಳಾಗಿ, ಮೊಸಳೆಯ ಬೆನ್ನನ್ನು ನೆಟ್ಟಗೆ ನಿಲ್ಲಿಸಿದಂತೆ ಇರುತ್ತದೆ. ಎಲೆ ಇದ್ದಾಗ ಅದರ ಅಡಿಭಾಗವನ್ನು ತಿರುಗಿಸಿ ನೋಡಿದರೆ, ತೊಟ್ಟಿನ ಸಮೀಪ ನಡುನರದ ಬಳಿ ಒಂದೆರಡು ಸಣ್ಣ ಗಂಟುಗಳು ಕೈಗೆ ಸಿಗುತ್ತವೆ. ಕಾಯಿಗೆ ಐದು ಅಗಲ ರೆಕ್ಕೆಗಳಿರುತ್ತವೆ. ಒಣಗಿದ ಕಾಯಿಗಳು ಬೇಸಿಗೆಯಲ್ಲಿ ಬುಡದ ಸುತ್ತ ಬಿದ್ದಿರುವುದೇ ಒಂದು ಗುರುತು. ಇದರದೇ ಕುಲದ ಹೊಳೆಮತ್ತಿಯ ತೊಗಟೆಯಾದರೋ ನುಣುಪಾಗಿ, ಬೂದು ಬಿಳುಪಾಗಿ, ಹಾಳೆ ಹಾಳೆಯಾಗಿ ಏಳುತ್ತದೆ. ಅದನ್ನು ಮರಾಠಿಯಲ್ಲಿ ಅರ್ಜುನ್ ಎನ್ನುತ್ತಾರೆ, ನಗರದ ರಸ್ತೆ ಬದಿಗಳಲ್ಲಿಯೂ ನೆಟ್ಟಿದ್ದಾರೆ. ಟಸರ್ ಹುಳು ಹುಣಾಲು, ಬೋರೆ, ಕವಲು ಮರಗಳ ಮೇಲೂ ಬದುಕಬಲ್ಲದು. ನಗರವಾಸಿಗಳಿಗೆ ಇನ್ನೂ ಹತ್ತಿರದ್ದೆಂದರೆ ಸೊಸೈಟಿಯ ಅಂಗಳದಲ್ಲಿ ತಟ್ಟೆ ತಟ್ಟೆಯಾಗಿ ಕೊಂಬೆ ಚಾಚುವ ಕಾಡುಬಾದಾಮಿ. ಅದೂ ಮತ್ತಿಯ ಕುಲದ್ದೇ. ಕಾಡಿನ ಅಂಚಿನಲ್ಲಿದ್ದರೆ ಅದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಐದು ಮರಗಳಿಗಿಂತ ಹೆಚ್ಚು ಬೇಡ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೋಗಿ ನೋಡಲು ಸಾಧ್ಯವಿರುವಷ್ಟೇ ಮರಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ನೂರು ಮರಗಳನ್ನು ಒಂದೊಂದು ಸಲ ನೋಡಿದ್ದಕ್ಕಿಂತ ಒಂದು ಮರವನ್ನು ಇಪ್ಪತ್ತು ಸಲ ನೋಡಿದ್ದರಿಂದ ನಾನು ಹೆಚ್ಚು ಕಲಿತಿದ್ದೇನೆ.

ಎರಡನೆಯ ಹೆಜ್ಜೆ: ಬೋಳು ರೆಂಬೆಯಲ್ಲಿ ಗೂಡನ್ನು ಹುಡುಕುವುದು

ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಮತ್ತಿ ಬೋಳಾಗುತ್ತದೆ. ಬೆಳಗ್ಗೆ ಬಿಸಿಲು ಓರೆಯಾಗಿರುವಾಗ ಒಂದು ಬೈನಾಕ್ಯುಲರ್ ಹಿಡಿದು, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬುಡದಿಂದ ತುದಿಯ ಕಡೆಗೆ ಒಂದೊಂದೇ ಕೊಂಬೆಯನ್ನು ನೋಡುತ್ತಾ ಹೋಗಬೇಕು. ಕಣ್ಣಿಗೆ ಬೀಳಬೇಕಾದದ್ದು ಕೋಳಿಮೊಟ್ಟೆಯ ಆಕಾರದ, ಅದಕ್ಕಿಂತ ಚಿಕ್ಕದಾದ, ಬೂದು ಅಥವಾ ಮಾಸಿದ ಹಳದಿ ಬಣ್ಣದ ಕಾಯಿಯಂಥ ವಸ್ತು. ಮೊದಲ ಸಲ ನೋಡುವವರು ಅದನ್ನು ಒಣಗಿದ ಕಾಯಿಯೆಂದೇ ತಿಳಿದು ಮುಂದೆ ಹೋಗುತ್ತಾರೆ. ವ್ಯತ್ಯಾಸ ಇರುವುದು ತೊಟ್ಟಿನಲ್ಲಿ. ಗೂಡಿನ ತಲೆಯಿಂದ ಕಪ್ಪು ಕಂದಿನ ಗಟ್ಟಿಯಾದ ಕಡ್ಡಿಯೊಂದು ಕೆಲವು ಸೆಂಟಿಮೀಟರ್ ಮೇಲಕ್ಕೆ ಹೋಗಿ, ಅದರ ತುದಿ ರೆಂಬೆಯ ಸುತ್ತ ಉಂಗುರದಂತೆ ಬಿಗಿದುಕೊಂಡಿರುತ್ತದೆ. ಅದು ಮರದ ಭಾಗವಲ್ಲ, ಹುಳು ತನ್ನ ನೂಲಿನಿಂದಲೇ ಮಾಡಿದ್ದು. ಎಲೆಯ ತೊಟ್ಟಿಗೆ ಮಾತ್ರ ಕಟ್ಟಿದ್ದರೆ ಎಲೆ ಉದುರಿದ ದಿನವೇ ಗೂಡೂ ನೆಲಕ್ಕೆ ಬೀಳುತ್ತಿತ್ತು. ರೆಂಬೆಗೇ ಉಂಗುರ ಹಾಕಿದ್ದರಿಂದ ಏಳು ತಿಂಗಳ ಗಾಳಿ, ಬಿಸಿಲು ಅದನ್ನು ಕದಲಿಸುವುದಿಲ್ಲ. ಎಲೆ ಉದುರಿಸುವ ಕಾಡಿಗೆ ಈ ಜೀವ ಎಷ್ಟು ಹೊಂದಿಕೊಂಡಿದೆ ಎಂಬುದಕ್ಕೆ ಈ ಒಂದು ಉಂಗುರಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

ಗೂಡಿನ ಗೋಡೆ ಹಿಪ್ಪುನೇರಳೆ ಗೂಡಿನಂತೆ ಬೆರಳಿಗೆ ಬಗ್ಗುವುದಿಲ್ಲ, ಮರದ ಚಿಪ್ಪಿನಷ್ಟು ಗಟ್ಟಿ. ಒಳಗಿನಿಂದ ನೂಲು ಸುತ್ತಿದ ಮೇಲೆ ಹುಳು ತನ್ನ ದೇಹದಿಂದ ಹೊರಹಾಕುವ ಸುಣ್ಣದಂಶದ ದ್ರವವನ್ನು ಗೋಡೆಗೆ ಹೀರಿಸುತ್ತದೆ, ಅದು ಒಣಗಿ ಗಟ್ಟಿಯಾಗುತ್ತದೆ.

ಸಿಕ್ಕ ಗೂಡು ಜೀವಂತವೋ ಹಳೆಯದೋ ಎಂದು ತಿಳಿಯಲು ಅದನ್ನು ಕಿತ್ತು ಅಲುಗಿಸುವ ಅಗತ್ಯವಿಲ್ಲ, ಹಾಗೆ ಮಾಡಲೂಬಾರದು. ತೊಟ್ಟಿನ ಬುಡವನ್ನು ಬೈನಾಕ್ಯುಲರಿನಲ್ಲಿ ನೋಡಿ. ಪತಂಗ ಹೊರಬಂದಿದ್ದರೆ ಅಲ್ಲಿ ಹೆಬ್ಬೆರಳು ತೂರುವಷ್ಟು ತೂತು ಇರುತ್ತದೆ ಮತ್ತು ಅದರ ಅಂಚಿನ ನೂಲುಗಳು ಕತ್ತರಿಸದೆ, ಬದಿಗೆ ಸರಿಸಿದಂತೆ ಇರುತ್ತವೆ. ಪಕ್ಕದಲ್ಲಿ ಕೊರೆದಂಥ ಸಣ್ಣ ದುಂಡು ತೂತು ಕಂಡರೆ ಒಳಗಿದ್ದ ಕೋಶವನ್ನು ಕಣಜವೋ ನೊಣವೋ ತಿಂದು ಹೊರಬಂದಿದೆ. ಹರಕು ಮುರುಕು ಕಿಂಡಿಯಿದ್ದರೆ ಅಳಿಲಿನದೋ ಹಕ್ಕಿಯದೋ ಕೆಲಸ. ಯಾವ ತೂತೂ ಇಲ್ಲದ, ಮೈ ಇನ್ನೂ ಕರಗದ ಗೂಡು ಸಿಕ್ಕರೆ ಅದು ಎತ್ತರದ ಯಾವ ರೆಂಬೆಯಲ್ಲಿದೆ, ಯಾವ ದಿಕ್ಕಿಗಿದೆ ಎಂದು ಬರೆದು, ಮರದ ಒಂದು ಚಿತ್ರ ಬಿಡಿಸಿಕೊಳ್ಳಿ. ಮೊಬೈಲ್ ಫೋಟೋಗಿಂತ ಕೈಯಿಂದ ಬಿಡಿಸಿದ ಚಿತ್ರ ಜೂನ್ ತಿಂಗಳಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆಗ ಎಲೆಗಳು ಬಂದು ಗೂಡು ಮರೆಯಾಗಿರುತ್ತದೆ.

ಇತರ ಗೂಡುಗಳೊಂದಿಗೆ ಗೊಂದಲವಾಗದಿರಲಿ. ಎಲೆಗಳನ್ನು ಸುತ್ತಿಕೊಂಡು ಜೋತಾಡುವ ತೆಳು ಗೂಡು ಚಂದ್ರ ಪತಂಗ ಅಥವಾ ಅಟ್ಲಾಸ್ ಪತಂಗದ್ದಿರಬಹುದು. ಗೋವಾದ ಗೇರುತೋಟಗಳಲ್ಲಿಯೂ ಮಾವಿನ ಮರಗಳಲ್ಲಿಯೂ ಗುಂಪು ಗುಂಪಾಗಿ ಕಾಣುವ, ಬಂಗಾರದ ಬಣ್ಣದ ಬಲೆಯಂಥ ಗೂಡುಗಳು ಕ್ರಿಕುಲಾ ಎಂಬ ಬೇರೆಯೇ ಪತಂಗದವು.

ರಾಷ್ಟ್ರೀಯ ಉದ್ಯಾನದೊಳಗಿನಿಂದ ಒಂದು ಒಣ ಗೂಡನ್ನಾಗಲಿ, ಎಲೆಯನ್ನಾಗಲಿ ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಒಳಗೆ ನೋಡಿ, ಬರೆದುಕೊಂಡು ಬನ್ನಿ. ಕೈಯಿಂದ ಮಾಡುವ ಕೆಲಸವೇನಿದ್ದರೂ ನಿಮ್ಮ ಅಂಗಳದ ಮರಕ್ಕೆ ಮೀಸಲಿರಲಿ.

ಮೂರನೆಯ ಹೆಜ್ಜೆ: ಮೇ ತಿಂಗಳ ಕೊಂಬೆ ಕಡಿಯುವ ದಿನಗಳು

ಈ ಮಾರ್ಗದರ್ಶಿಯಲ್ಲಿ ನಾನು ಅತಿ ಮುಖ್ಯವೆಂದು ತಿಳಿಯುವ ಭಾಗವಿದು. ಮುಂಬಯಿ, ಠಾಣೆಗಳಲ್ಲಿ ಮಳೆಗೆ ಮುಂಚೆ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಗಾಳಿಗೆ ಮುರಿದು ಬೀಳಬಾರದೆಂದು ಮರಗಳ ಕೊಂಬೆಗಳನ್ನು ಕಡಿಯುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ಗೂಡಿನೊಳಗಿನ ಜೀವ ಹೊರಬರಲು ಇನ್ನು ನಾಲ್ಕಾರು ವಾರವಿರುವಾಗ ಬೀಳುವ ಆ ಕೊಂಬೆಗಳ ಜೊತೆ ಗೂಡುಗಳೂ ಕಸದ ಲಾರಿ ಏರುತ್ತವೆ. ನಿಮ್ಮ ಸೊಸೈಟಿಯಲ್ಲಿ ಕಡಿಯುವ ದಿನ ಯಾವುದೆಂದು ವಾಚ್‌ಮನ್‌ನಿಂದ ಮೊದಲೇ ತಿಳಿದುಕೊಂಡು, ಬಿದ್ದ ಕೊಂಬೆಗಳನ್ನು ಲಾರಿ ಬರುವ ಮುಂಚೆ ಒಮ್ಮೆ ನೋಡಿ. ತೂತಿಲ್ಲದ ಗೂಡು ಸಿಕ್ಕರೆ ಉಂಗುರವನ್ನು ಬಿಡಿಸದೆ, ಎರಡು ಗೇಣಿನಷ್ಟು ರೆಂಬೆಯ ಸಮೇತ ಕತ್ತರಿಸಿ ತೆಗೆಯಿರಿ.

ಅದನ್ನು ಅದೇ ಮರದಲ್ಲಿ ಉಳಿದ ಕೊಂಬೆಗೆ, ನೆರಳಿರುವ ಕಡೆ, ಗೂಡು ಮೊದಲಿನಂತೆಯೇ ಕೆಳಮುಖವಾಗಿ ನೇತಾಡುವ ಹಾಗೆ ಸೆಣಬಿನ ಹುರಿಯಿಂದ ಕಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಮರವೇ ಉಳಿದಿಲ್ಲವೆಂದರೆ ಮಾತ್ರ ಮನೆಯ ಗ್ಯಾಲರಿಗೆ ತರಬಹುದು. ನಾನು ಮೊದಲ ಸಲ ತಂದ ಗೂಡನ್ನು ಬೂಟಿನ ಪೆಟ್ಟಿಗೆಯಲ್ಲಿ, ಹತ್ತಿಯ ಮೇಲೆ ಮಲಗಿಸಿ ಇಟ್ಟಿದ್ದೆ. ಜೂನ್ ಮಧ್ಯದ ಒಂದು ಬೆಳಗ್ಗೆ ಪೆಟ್ಟಿಗೆ ತೆರೆದಾಗ ಹೆಣ್ಣು ಪತಂಗ ಹೊರಬಂದಿತ್ತು. ಆದರೆ ಹತ್ತಲು, ನೇತಾಡಲು ಜಾಗವಿಲ್ಲದೆ ಅದರ ನಾಲ್ಕೂ ರೆಕ್ಕೆಗಳು ಮುದುಡಿದ ಬಟ್ಟೆಯಂತೆ ಒಣಗಿಹೋಗಿದ್ದವು. ಅದು ಹಾರದೆಯೇ ಆರು ದಿನ ಬದುಕಿತು. ಹೊರಬರುವ ಪತಂಗದ ರೆಕ್ಕೆ ತೇವದ ಮುದ್ದೆಯಾಗಿರುತ್ತದೆ. ಎತ್ತರಕ್ಕೆ ಹತ್ತಿ, ಕಾಲುಗಳಿಂದ ನೇತುಬಿದ್ದು, ರೆಕ್ಕೆಯನ್ನು ಕೆಳಕ್ಕೆ ಇಳಿಬಿಟ್ಟರೆ ಮಾತ್ರ ದೇಹದ ದ್ರವ ನರಗಳಲ್ಲಿ ತುಂಬಿ ರೆಕ್ಕೆ ಬಿಚ್ಚುತ್ತದೆ. ಆದ್ದರಿಂದ ಗೂಡನ್ನು ರೆಂಬೆ ಸಮೇತ ಎತ್ತರದಲ್ಲಿ ಕಟ್ಟಿ, ಸುತ್ತ ಸೊಳ್ಳೆಪರದೆಯ ಒರಟು ಬಟ್ಟೆ ಇಳಿಬಿಡಿ. ಕೆಳಗೂ ಪಕ್ಕಕ್ಕೂ ಒಂದು ಮೊಳ ಖಾಲಿ ಜಾಗವಿರಲಿ. ಎ.ಸಿ. ಇರುವ ಕೋಣೆ ಬೇಡವೇ ಬೇಡ: ಹೊರಗಿನ ಗಾಳಿಯ ತೇವವೂ ಸೆಖೆಯೂ ಕೋಶಕ್ಕೆ ತಲುಪಬೇಕು, ಮಳೆಗಾಲ ಬಂತೆಂದು ಅದಕ್ಕೆ ತಿಳಿಯುವುದೇ ಅವುಗಳಿಂದ.

ನಾಲ್ಕನೆಯ ಹೆಜ್ಜೆ: ಮೊದಲ ಮಳೆಯ ರಾತ್ರಿಗಳು

ಮುಂಬಯಿಗೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ. ಅಲ್ಲಿಂದ ಜುಲೈ ತನಕ, ಸಂಜೆ ಕತ್ತಲಾದ ಮೇಲೆ ಗೂಡುಗಳನ್ನು ಗಮನಿಸಿ. ಹೊರಬರುವ ಮುಂಚೆ ತೊಟ್ಟಿನ ಬುಡದಲ್ಲಿ ಒದ್ದೆಯ ಕಲೆಯೊಂದು ಮೂಡುತ್ತದೆ. ಪತಂಗಕ್ಕೆ ಕಚ್ಚುವ ಬಾಯಿಯಿಲ್ಲ; ಗೂಡಿನ ಅಂಟನ್ನು ಕರಗಿಸುವ ರಸವೊಂದನ್ನು ಒಳಗಿನಿಂದ ಉಗುಳಿ, ಮೆತ್ತಗಾದ ನೂಲುಗಳನ್ನು ತಲೆ, ಕಾಲುಗಳಿಂದ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಆ ತೂತಿನಲ್ಲಿ ನೂಲು ಕತ್ತರಿಸಿರುವುದಿಲ್ಲವೇಕೆ ಎಂಬುದಕ್ಕೆ ಇದೇ ಉತ್ತರ.

ಬಿಚ್ಚಿದ ರೆಕ್ಕೆಯ ಅಗಲ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 15ರಿಂದ 18 ಸೆಂಟಿಮೀಟರ್. ಹೆಣ್ಣು ದೊಡ್ಡದು, ದಪ್ಪ ಹೊಟ್ಟೆಯದು, ಹೆಚ್ಚಾಗಿ ಹಳದಿ ಅಥವಾ ಬೂದು ಮಿಶ್ರಿತ ಬಣ್ಣದ್ದು. ಗಂಡು ಚಿಕ್ಕದು, ಇಟ್ಟಿಗೆ ಕಂದಿನದು, ಅದರ ಮೀಸೆಗಳು ಅಗಲ ಗರಿಯಂತಿರುತ್ತವೆ. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಕಣ್ಣಿನ ಗುರುತು. ಅದರ ನಡುವೆ ಗಾಜಿನಂತೆ ಪಾರದರ್ಶಕವಾದ ಬಿಲ್ಲೆ. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಅದರ ಮೂಲಕ ಹಾಯುತ್ತದೆ.

ಹೆಣ್ಣು ಹೆಚ್ಚು ಹಾರುವುದಿಲ್ಲ. ಗೂಡಿನ ಸಮೀಪವೇ ಕುಳಿತು ಹೊಟ್ಟೆಯ ತುದಿಯಿಂದ ಗಂಧ ಬಿಡುತ್ತದೆ, ಗಂಡು ಗಾಳಿಯಲ್ಲಿ ಆ ಗಂಧವನ್ನು ಹಿಡಿದು ಬರುತ್ತದೆ. ಗ್ಯಾಲರಿಯಲ್ಲಿ ಹೆಣ್ಣು ಹೊರಬಂದಿದ್ದರೆ ಪರದೆಯೊಳಗೇ ಬಿಟ್ಟು, ಆ ರಾತ್ರಿ ಗ್ಯಾಲರಿಯ ದೀಪವನ್ನು ಪೂರ್ತಿ ಆರಿಸಿ. ಪ್ರಖರ ದೀಪ ಗಂಡನ್ನು ದಾರಿ ತಪ್ಪಿಸುತ್ತದೆ, ಒಂದು ವಾರದ ಆಯುಷ್ಯದಲ್ಲಿ ಕಳೆದುಹೋದ ಒಂದು ರಾತ್ರಿ ಸಣ್ಣ ನಷ್ಟವಲ್ಲ. ದೀಪ ಕಟ್ಟಿ ಪತಂಗ ಕರೆಯುವ ಪದ್ಧತಿಯ ಬಗ್ಗೆ ನನಗೆ ಹಿಂಜರಿಕೆ ಇರುವುದು ಇದೇ ಕಾರಣಕ್ಕೆ. ಮಾಡಲೇಬೇಕೆಂದರೆ ಒಂದೆರಡು ಗಂಟೆಗೆ ಮುಗಿಸಿ. ಕಾಡಂಚಿನಲ್ಲಿ ಕತ್ತಲಾದ ಮೇಲೆ ಒಬ್ಬರೇ ಸುತ್ತಬೇಡಿ, ಅದು ಚಿರತೆ ಓಡಾಡುವ ಹೊತ್ತು. ರಾತ್ರಿಯ ಕೆಲಸವೆಲ್ಲ ಸೊಸೈಟಿಯ ಗೋಡೆಯೊಳಗೇ ಆಗಲಿ.

ಗಂಡು ಹೆಣ್ಣು ಜೊತೆಯಾದ ಮೇಲೆ ಗಂಟೆಗಟ್ಟಲೆ, ಹಲವು ಸಲ ಮರುದಿನ ಹಗಲಿನ ತನಕ, ಬೇರೆಯಾಗುವುದಿಲ್ಲ. ಅವನ್ನು ಬಿಡಿಸಬಾರದು. ಅವು ತಾವಾಗಿ ಬೇರೆಯಾದ ಸಂಜೆ ಪರದೆ ತೆಗೆದು, ಹೆಣ್ಣನ್ನು ಒಂದು ಕಡ್ಡಿಗೆ ಹತ್ತಿಸಿಕೊಂಡು ಮತ್ತಿ ಅಥವಾ ಬಾದಾಮಿ ಮರಕ್ಕೆ ಬಿಡಿ.

ಐದನೆಯ ಹೆಜ್ಜೆ: ಮೊಟ್ಟೆಯಿಂದ ಹಣ್ಣುಹುಳುವಿನವರೆಗೆ

ಒಂದು ಹೆಣ್ಣು ಸುಮಾರು ಇನ್ನೂರು ಮೊಟ್ಟೆಗಳನ್ನು ಇಡುತ್ತದೆ, ಅದರಲ್ಲಿ ಬಹುಪಾಲನ್ನು ಮೊದಲ ಮೂರು ರಾತ್ರಿಗಳಲ್ಲಿ. ಮೊಟ್ಟೆ ಮೂರು ಮಿಲಿಮೀಟರ್ ಉದ್ದದ ಚಪ್ಪಟೆ ಅಂಡಾಕಾರದ್ದು, ಬಿಳುಪಿನ ಮೇಲೆ ಎರಡು ಕಂದು ಗೆರೆಗಳಿರುತ್ತವೆ. ಎಂಟರಿಂದ ಹತ್ತು ದಿನಕ್ಕೆ ಒಡೆಯುತ್ತದೆ. ಹೊರಬರುವ ಹುಳು ಕಂದು ಹಳದಿ ಮೈ, ಕಪ್ಪು ತಲೆಯದು, ಇರುವೆಗಿಂತ ಸ್ವಲ್ಪ ದೊಡ್ಡದು; ಮೊದಲ ಜ್ವರ ಕಳೆದ ಮೇಲೆ ಹಸಿರಾಗುತ್ತದೆ. ನಾಲ್ಕು ಜ್ವರ, ಐದು ಹಂತ, ನಮ್ಮ ಮನೆಯ ರೇಷ್ಮೆಹುಳುವಿನ ಲೆಕ್ಕವೇ ಇಲ್ಲಿಯೂ. ಮಳೆಗಾಲದ ಬೆಳೆ ಸುಮಾರು 30ರಿಂದ 35 ದಿನಗಳಲ್ಲಿ ಮುಗಿಯುತ್ತದೆ. ಕೊನೆಗೆ ಹುಳು 12, 13 ಸೆಂಟಿಮೀಟರ್ ಉದ್ದವಾಗಿ, ನಲವತ್ತು ಗ್ರಾಂ ಮೀರಿ ತೂಗುತ್ತದೆ. ಹಿಪ್ಪುನೇರಳೆಯ ಹುಳು ಐದು ಗ್ರಾಂ ಮುಟ್ಟಿದರೆ ಹೆಚ್ಚು.

ಇಷ್ಟು ದೊಡ್ಡ ಹುಳುವಾದರೂ ಮರದಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಏಕೆಂದರೆ ಎಲೆಯ ಹಸಿರೇ ಅದರ ಬಣ್ಣ, ಮೈ ಪಕ್ಕದ ಬೆಳ್ಳಿಯ ಚುಕ್ಕೆಗಳು ಎಲೆಯ ಮೇಲಿನ ಮಳೆಹನಿಯಂತೆ ಹೊಳೆಯುತ್ತವೆ. ಮೇಲೆ ನೋಡಬೇಡಿ, ಮೊದಲು ನೆಲ ನೋಡಿ. ಮಳೆ ಬಿಡುವು ಕೊಟ್ಟ ರಾತ್ರಿಯ ಮರುದಿನ ಬೆಳಗ್ಗೆ ಬುಡದಲ್ಲಿ ಒಂದು ಹಳೆಯ ಪತ್ರಿಕೆ ಹಾಸಿ, ಅರ್ಧ ಗಂಟೆ ಕಾಯಿರಿ. ಹಿಕ್ಕೆ ಬಿದ್ದರೆ ಅದರ ಗಾತ್ರವೇ ಹುಳುವಿನ ವಯಸ್ಸನ್ನು ಹೇಳುತ್ತದೆ: ಸಾಸಿವೆಯಷ್ಟಿದ್ದರೆ ಎಳೆಯದು, ಕಾಳುಮೆಣಸಿನಷ್ಟಾದರೆ ನಡುವಯಸ್ಸಿನದು, ಅದಕ್ಕೂ ದೊಡ್ಡದಾಗಿ ಉದ್ದಕ್ಕೆ ಗೀರುಗಳಿದ್ದು ಪುಟ್ಟ ಪೀಪಾಯಿಯಂತಿದ್ದರೆ ಕೊನೆಯ ಹಂತದ್ದು. ಹಿಕ್ಕೆ ಬಿದ್ದ ಜಾಗದಿಂದ ನೇರ ಮೇಲಕ್ಕೆ ನೋಡಿದರೆ ನಡುನರ ಮಾತ್ರ ಉಳಿದ ಎಲೆಗಳು, ಅವುಗಳ ಪಕ್ಕದ ರೆಂಬೆಗೆ ಕೆಳಗಿನಿಂದ ಅಂಟಿಕೊಂಡ ಹುಳು ಸಿಗುತ್ತದೆ.

ತಲೆಯನ್ನು ಎತ್ತಿ, ಮುಂಭಾಗವನ್ನು ಮಡಿಸಿ ಒಂದಿಡೀ ದಿನ ಅಲುಗದೆ ಕುಳಿತ ಹುಳು ಸತ್ತಿಲ್ಲ, ಜ್ವರಕ್ಕೆ ಕೂತಿದೆ. ‘ಜ್ವರಕ್ಕೆ ಕೂತ ಹುಳವ ಮುಟ್ಟಬ್ಯಾಡ ಕಣ್ ಮಗ, ಅದುಕ್ಕೆ ಚರ್ಮ ಬಿಡೋ ಹೊತ್ತು’ ಎಂದು ನಮ್ಮವ್ವ ತಟ್ಟೆಯ ಹುಳುಗಳ ಬಗ್ಗೆ ಹೇಳುತ್ತಿದ್ದ ಮಾತು ಮತ್ತಿಮರದ ಹುಳುವಿಗೂ ಹಾಗೆಯೇ ಅನ್ವಯಿಸುತ್ತದೆ. ಆ ಹೊತ್ತಿನಲ್ಲಿ ರೆಂಬೆ ಬಗ್ಗಿಸಿ ಫೋಟೋ ತೆಗೆದರೆ ಹಿಡಿತ ತಪ್ಪಿ ಹಳೆಯ ಚರ್ಮದಲ್ಲಿಯೇ ಸಿಕ್ಕಿಕೊಂಡು ಸಾಯಬಹುದು.

ಹುಳುಗಳ ಎಣಿಕೆ ವಾರ ವಾರಕ್ಕೂ ಇಳಿಯುವುದನ್ನು ನೀವು ನೋಡುತ್ತೀರಿ, ಅದು ಮನಸ್ಸಿಗೆ ನೋವು ಕೊಡುತ್ತದೆ. ಎಳೆಯ ಹುಳುಗಳನ್ನು ಕೆಂಜಿಗದ ಇರುವೆಗಳು ಹೊತ್ತೊಯ್ಯುತ್ತವೆ. ಸೂರ್ಯನ ಕುದುರೆ ಹಿಡಿಯುತ್ತದೆ. ಸೂಜಿಯಂಥ ಮೂತಿಯ ತಿಗಣೆ ಚುಚ್ಚಿ ರಸ ಹೀರಿ, ಒಣ ಚೀಲದಂತೆ ನೇತುಬಿಡುತ್ತದೆ. ದೊಡ್ಡ ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಊಜಿ ನೊಣ ಮೊಟ್ಟೆಯಿಟ್ಟಿರುವ ಸಂಶಯ ಪಡಬೇಕು. ರೇಷ್ಮೆ ಸಾಕಿದ ಮನೆಯವರಿಗೆ ಆ ನೊಣದ ಪರಿಚಯ ಬೇಡ, ಟಸರಿಗೂ ಅದರದೇ ಬಳಗದ ಒಂದು ಜಾತಿ ಕಾಡುತ್ತದೆ. ಇವನ್ನು ಓಡಿಸಲು ಔಷಧಿ ಹೊಡೆಯಬೇಡಿ, ಹೊಡೆದರೆ ಮೊದಲು ಸಾಯುವುದು ನೀವು ಕಾಯುತ್ತಿರುವ ಹುಳುವೇ. ಸೊಸೈಟಿಯಲ್ಲಿ ಸೊಳ್ಳೆಗೆಂದು ಹೊಗೆ ಬಿಡುವವರಿಗೆ ಆ ಒಂದು ಮರದ ಬಳಿ ಬೇಡವೆಂದು ಜುಲೈ ಮೊದಲೇ ಹೇಳಿಡಿ. ಹುಳು ತಿಂದ ಎಲೆಗಳನ್ನು ಕಂಡು ಮರ ಒಣಗೀತೆಂದು ನೆರೆಯವರು ಆತಂಕಪಟ್ಟರೆ, ಮಳೆಗಾಲ ಮುಗಿಯುವುದರೊಳಗೆ ಹೊಸ ಚಿಗುರು ಬರುತ್ತದೆಂದು ತಿಳಿಸಿ. ನಮ್ಮ ಬಾದಾಮಿ ಮರ ನಾಲ್ಕು ವರ್ಷ ಹುಳು ಮೇಯಿಸಿಯೂ ಎಂದಿನಂತೆ ಹಣ್ಣು ಬಿಡುತ್ತಿದೆ.

ಆರನೆಯ ಹೆಜ್ಜೆ: ಗೂಡು ಕಟ್ಟುವುದನ್ನು ನೋಡುವುದು

ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು, ಹೊಟ್ಟೆಯನ್ನು ಖಾಲಿ ಮಾಡಿಕೊಂಡು ಜಾಗ ಹುಡುಕುತ್ತದೆ. ಮೊದಲು ಎರಡು ಮೂರು ಎಲೆಗಳನ್ನು ನೂಲಿನಿಂದ ಸೇರಿಸಿ ಜೋಲಿಯಂತೆ ಮಾಡುತ್ತದೆ. ಆಮೇಲೆ ಒಳಗೆ ಕೂರದೆ ಮತ್ತೆ ಹೊರಬಂದು, ರೆಂಬೆಯ ತನಕ ಹೋಗಿ ಅದರ ಸುತ್ತ ಉಂಗುರ ಹಾಕುತ್ತದೆ, ಅಲ್ಲಿಂದ ಜೋಲಿಯವರೆಗೆ ತೊಟ್ಟನ್ನು ನೂಲಿನ ಮೇಲೆ ನೂಲು ಹೊದಿಸಿ ಬಲಪಡಿಸುತ್ತದೆ. ಇದೆಲ್ಲ ಮುಗಿದ ಮೇಲೆಯೇ ಗೂಡು. ಈ ಹೋಗುವಿಕೆ ಬರುವಿಕೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಒಂದು ಕುರ್ಚಿ, ಒಂದು ಛತ್ರಿ, ಅರ್ಧ ದಿನದ ರಜೆ ಸಾಕು.

ಆಗಸ್ಟಿನಲ್ಲಿ ಕಟ್ಟಿದ ಗೂಡುಗಳಿಂದ ಕೆಲವು ವಾರಗಳಲ್ಲೇ ಪತಂಗಗಳು ಹೊರಬಂದು, ಸೆಪ್ಟೆಂಬರಿನಿಂದ ಎರಡನೆಯ ತಲೆಮಾರು ನಡೆಯುತ್ತದೆ. ಈ ಸಲದ ಹುಳುಗಳು ನಿಧಾನಕ್ಕೆ ಬೆಳೆಯುತ್ತವೆ, ಒಂದೂವರೆ ತಿಂಗಳು ದಾಟುವುದೂ ಉಂಟು. ಹಗಲು ಕಿರಿದಾಗುತ್ತಾ ಬಂದ ದಿನಗಳಲ್ಲಿ ಬೆಳೆದ ಈ ಹುಳುಗಳು ಅಕ್ಟೋಬರ್ ನವೆಂಬರಿನಲ್ಲಿ ಕಟ್ಟುವ ಗೂಡುಗಳೊಳಗೆ ಕೋಶ ಸುಪ್ತಾವಸ್ಥೆಗೆ ಹೋಗುತ್ತದೆ, ಮುಂದಿನ ಮುಂಗಾರಿನವರೆಗೆ ಎಚ್ಚರಗೊಳ್ಳುವುದಿಲ್ಲ.

ದೀಪಾವಳಿಯ ಹೊತ್ತಿಗೆ ಎಲೆಗಳ ನಡುವೆ ಕಟ್ಟಿದ ಹೊಸ ಗೂಡುಗಳನ್ನು ಕಂಡಷ್ಟನ್ನು ಎಣಿಸಿ ಬರೆದಿಡಿ. ಫೆಬ್ರುವರಿಯಲ್ಲಿ ಮರ ಬೋಳಾದಾಗ ಮತ್ತೆ ಎಣಿಸಿ. ನನ್ನ ಪುಸ್ತಕದಲ್ಲಿ ಎರಡನೆಯ ಎಣಿಕೆ ಪ್ರತಿ ಸಲವೂ ಮೊದಲನೆಯದಕ್ಕಿಂತ ಹೆಚ್ಚೇ ಬಂದಿದೆ, ಎಲೆ ಮರೆಮಾಡಿದ ಗೂಡುಗಳು ಆಗ ಒಂದೊಂದಾಗಿ ಬೆಳಕಿಗೆ ಬರುತ್ತವೆ.